ನದಿಯಲ್ಲಿ ಸೇತುವೆ ಕೆಲಸ ನಡೆಯುವಾಗ ದೋಣಿ ಸಂಚಾರ ತಡೆಯುವ ಕ್ರಮ: ಕಾಳಿ ಅಳಿವೆಯ ಲೆಕ್ಕದಲ್ಲಿ

ನದಿಗೆ ಪೈಲ್ (ಅಡಿಪಾಯದ ಕಂಬ) ಇಳಿಸುವ ಕೆಲಸ ಶುರುವಾದ ಕೂಡಲೇ ಅಡ್ಡ ಹಗ್ಗ ಕಟ್ಟಿ, ನಾಲ್ಕು ಕೆಂಪು ಬಾವುಟ ಹಾರಿಸಿ ಬಂದೋಬಸ್ತು ಮುಗಿಯಿತು ಎಂದುಕೊಳ್ಳುವ ರೂಢಿ ಇದೆ. ಬೆಳಗಿನ ನಾಲ್ಕು ಗಂಟೆಗೆ ಬಲೆ ತುಂಬಿಕೊಂಡು ಅಳಿವೆ ಹೊಕ್ಕ ತಾಂಡೇಲನಿಗೆ (ದೋಣಿ ನಡೆಸುವವನಿಗೆ) ಆ ಬಾವುಟ ಕಾಣುವುದಿಲ್ಲ, ಹಗ್ಗವಂತೂ ಪ್ರೊಪೆಲ್ಲರಿಗೆ ಸುತ್ತಿಕೊಂಡ ಮೇಲೆಯೇ ಗೊತ್ತಾಗುವುದು. ಎಲ್ಲಿ ಹೋಗಬಾರದು ಎಂದು ಹೇಳುವ ಮೊದಲು ಎಲ್ಲಿ ಹೋಗಬಹುದು ಎಂಬುದನ್ನು ನೀರಿನ ಮೇಲೆ ಗುರುತು ಮಾಡಿ ತೋರಿಸಬೇಕು. ಈ ಬರಹದ ಎಲ್ಲ ಲೆಕ್ಕಗಳೂ ಆ ಒಂದು ಮಾತಿನ ಸುತ್ತ ಇವೆ. ಸೈಟ್ ಎಂಜಿನಿಯರ್, ಬಂದರು ಸಿಬ್ಬಂದಿ, ಮೀನುಗಾರರ ಸಹಕಾರಿ ಸಂಘದವರು, ಮೂವರಿಗೂ ಬೇಕಾಗುವಂತೆ ಬರೆದಿದೆ.

ಉದಾಹರಣೆಗೆ ಕಾರವಾರದ ಕಾಳಿ ನದಿಯನ್ನೇ ತೆಗೆದುಕೊಳ್ಳಲು ಕಾರಣ ಇದೆ. ಕೋಡಿಬಾಗ ಮತ್ತು ಸದಾಶಿವಗಡದ ನಡುವಿನ ಹಳೆ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಒಂದು ಗಂಟೆಯ ಸುಮಾರಿಗೆ ಕುಸಿದು ಲಾರಿಯೊಂದು ನದಿಗೆ ಬಿತ್ತು. ಚಾಲಕನನ್ನು ಮೇಲೆತ್ತುವುದಕ್ಕೆ ನೆರವಾದವರು ಇಲ್ಲಿನ ಮೀನುಗಾರರೇ. ಬಿದ್ದ ಸೇತುವೆಯ ಅವಶೇಷ, ಪಕ್ಕದಲ್ಲೇ ವಾಹನ ಓಡಾಡುವ ಹೊಸ ಸೇತುವೆ, ಕೆಳಗೆ ದೋಣಿ ಸಂಚಾರ, ದಿನಕ್ಕೆ ನಾಲ್ಕು ಸಲ ದಿಕ್ಕು ಬದಲಿಸುವ ನೀರು: ಒಂದು ಕಾಮಗಾರಿಗೆ ಎದುರಾಗಬಹುದಾದ ತೊಡಕುಗಳೆಲ್ಲ ಆಗ ಇಲ್ಲಿ ಒಟ್ಟಿಗಿದ್ದವು. ಶರಾವತಿ, ಅಘನಾಶಿನಿ, ಗಂಗಾವಳಿಗೂ ಇದೇ ಕ್ರಮ ಹೊಂದುತ್ತದೆ, ಅಂಕಿಗಳನ್ನು ಮಾತ್ರ ಆಯಾ ನದಿಯಲ್ಲೇ ಅಳೆಯಬೇಕು.

ಮೊದಲು ನೀರನ್ನು ಅಳೆಯಿರಿ

ನಕ್ಷೆಯಲ್ಲಿ ಗೆರೆ ಎಳೆಯುವ ಮುಂಚೆ ಸೆಳೆತ ಎಷ್ಟಿದೆ ನೋಡಬೇಕು. ದಡದುದ್ದಕ್ಕೆ 50 ಮೀಟರ್ ಅಂತರದಲ್ಲಿ ಎರಡು ಕೋಲು ನೆಟ್ಟು, ಹೊಳೆಯ ನಡು ಹರಿವಿಗೆ ಸಿಪ್ಪೆ ಸಮೇತ ತೆಂಗಿನಕಾಯಿ ಬಿಡಿ. ಅದರ ಬಹುಪಾಲು ನೀರೊಳಗೇ ಇರುವುದರಿಂದ ಗಾಳಿ ಅದನ್ನು ಅಷ್ಟಾಗಿ ತಳ್ಳುವುದಿಲ್ಲ. 50 ಮೀಟರನ್ನು 50 ಸೆಕೆಂಡಿನಲ್ಲಿ ದಾಟಿದರೆ ಸೆಳೆತ ಸೆಕೆಂಡಿಗೆ 1 ಮೀಟರ್, ಅಂದರೆ ಸುಮಾರು 2 ನಾಟ್. ಹುಣ್ಣಿಮೆ ಇಲ್ಲವೆ ಅಮಾವಾಸ್ಯೆಯ ಮಾರನೆಯ ದಿನ, ಇಳಿತದ ನಡು ಹೊತ್ತಿನಲ್ಲಿ ಅಳೆಯಿರಿ. ಸೆಳೆತ ಆಗ ಜೋರು. ಅಷ್ಟಮಿಯ ಸುತ್ತ ಅಳೆದರೆ ನದಿ ಸೌಮ್ಯವಾಗಿ ಕಂಡು ಲೆಕ್ಕ ದಾರಿ ತಪ್ಪುತ್ತದೆ.

ಈಗ ದೂರದ ಲೆಕ್ಕ. ಕಾಮಗಾರಿಯ ಮೇಲ್ಭಾಗದಲ್ಲಿ ದೋಣಿಯೊಂದರ ಎಂಜಿನ್ ನಿಂತಿತು ಎಂದುಕೊಳ್ಳಿ. ದೋಣಿಯವರು ಲಂಗರು ಬಿಡುವುದಕ್ಕೆ ಅಥವಾ ಕಾವಲು ದೋಣಿ ಅಲ್ಲಿಗೆ ತಲುಪಿ ಹಗ್ಗ ಹಾಕುವುದಕ್ಕೆ ಮೂರು ನಿಮಿಷ ಹಿಡಿಯಿರಿ. ಸೆಳೆತ ಸೆಕೆಂಡಿಗೆ 1.5 ಮೀಟರ್ ಇದ್ದರೆ ಅಷ್ಟರೊಳಗೆ ದೋಣಿ 270 ಮೀಟರ್ ತೇಲಿ ಬಂದಿರುತ್ತದೆ. ಅದರ ಒಂದೂವರೆ ಪಟ್ಟು, ಹತ್ತಿರ ಹತ್ತಿರ 400 ಮೀಟರ್ ದೂರಕ್ಕೆ ಮೊದಲ ಎಚ್ಚರಿಕೆ ಗುರುತು ಇರಬೇಕು. ಅಳಿವೆಯ ಬಳಿ ಉಬ್ಬರದಲ್ಲಿ ನೀರು ಮೇಲಕ್ಕೂ ನುಗ್ಗುವುದರಿಂದ ಸಮುದ್ರದ ಕಡೆಗೂ ಇದೇ ಲೆಕ್ಕ ಹಾಕಿ. ಒಂದೇ ಕಡೆ ಗುರುತು ಇಟ್ಟು ಸುಮ್ಮನಾಗುವುದು ಒಳನಾಡಿನ ಹೊಳೆಯ ಅಭ್ಯಾಸ, ಕರಾವಳಿಗೆ ಸಲ್ಲದು.

ಮಳೆಗಾಲದ ಲೆಕ್ಕವೇ ಬೇರೆ. ಕದ್ರಾ ಅಣೆಕಟ್ಟೆಯ ಗೇಟು ತೆರೆದರೆ ಉಬ್ಬರದ ಹೊತ್ತಿನಲ್ಲೂ ನೀರು ಕೆಳಮುಖವಾಗಿಯೇ ಓಡಬಹುದು, ಜೊತೆಗೆ ಮರದ ದಿಮ್ಮಿ, ಬಿದಿರ ಮೆಳೆ ತೇಲಿ ಬರುತ್ತವೆ. ನೀರು ಬಿಡುವ ಮುಂಚೆ ಕೆಳದಂಡೆಯವರಿಗೆ ಕೊಡುವ ಮುನ್ಸೂಚನೆ ಕಾಮಗಾರಿ ಸೈಟಿಗೂ ನೇರವಾಗಿ ತಲುಪುವಂತೆ ಬರವಣಿಗೆಯಲ್ಲಿ ವ್ಯವಸ್ಥೆ ಮಾಡಿಕೊಳ್ಳಿ. ಪತ್ರಿಕೆಯಲ್ಲಿ ಓದಿ ತಿಳಿಯುವ ಹೊತ್ತಿಗೆ ನೀರು ಬಂದಿರುತ್ತದೆ.

ಗಡಿ ಎಲ್ಲಿ ಹಾಕಬೇಕು

ಪ್ರವೇಶ ನಿಷಿದ್ಧ ಜಾಗವನ್ನು ಬಾರ್ಜಿನ (ಯಂತ್ರ ಹೊರುವ ಚಪ್ಪಟೆ ತಳದ ತೇಲು ವೇದಿಕೆಯ) ಅಂಚಿನಿಂದ ಅಳೆಯುವುದು ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು. ಕ್ರೇನ್ ಹೊತ್ತ ಬಾರ್ಜು ನಾಲ್ಕು ಮೂಲೆಗೂ ಲಂಗರು ಹಾಕಿಕೊಂಡು ನಿಂತಿರುತ್ತದೆ. ಆ ಉಕ್ಕಿನ ಹಗ್ಗಗಳು ನೂರು ಮೀಟರಿನವರೆಗೂ ಚಾಚಿರಬಹುದು, ಬಾರ್ಜಿನ ಹತ್ತಿರವಂತೂ ನೀರಿನ ಮಟ್ಟಕ್ಕಿಂತ ಗೇಣುದ್ದ ಕೆಳಗೇ ಇರುತ್ತವೆ. ವಿಂಚ್ (ಹಗ್ಗ ಸುತ್ತುವ ಯಂತ್ರ) ಎಳೆದಾಗ ಸಡಿಲವಾಗಿದ್ದ ಹಗ್ಗ ದಿಢೀರನೆ ಬಿಗಿದು ಮೇಲೇಳುತ್ತದೆ. ಸಣ್ಣ ಪಾತಿ ದೋಣಿ ಅದರ ಮೇಲಿದ್ದರೆ ಮಗುಚುವುದು ಖಂಡಿತ. ಪ್ರತಿ ಲಂಗರಿನ ತಲೆಯ ಮೇಲೂ ಒಂದು ತೇಲು ಗುರುತು ಇರಲಿ, ನಿಷಿದ್ಧ ಗಡಿ ಅವೆಲ್ಲದರ ಆಚೆಗೆ ಇರಲಿ. ಬಾರ್ಜು ಜಾಗ ಬದಲಿಸಿದ ದಿನ ಗಡಿಯೂ ಬದಲಾಗಬೇಕು.

ಅದರಾಚೆಗೆ ನಿಧಾನದ ವಲಯ. ಇಲ್ಲಿ 5 ನಾಟ್, ಅಂದರೆ ಗಂಟೆಗೆ ಸುಮಾರು 9 ಕಿ.ಮೀ. ಮೀರದ ವೇಗ ಸಾಕು. ದೊಡ್ಡ ಪರ್ಸೀನ್ (ಸುತ್ತುಬಲೆ) ಬೋಟಿನ ಅಲೆ ತಾಗಿದರೆ ಕ್ರೇನಿನಲ್ಲಿ ತೂಗುತ್ತಿರುವ ಭಾರ ಓಲಾಡುತ್ತದೆ, ಕೆಳಗೆ ಕೈಯಿಂದ ಅದನ್ನು ಸರಿಹೊಂದಿಸುತ್ತಿರುವ ಕೆಲಸಗಾರನ ಬೆರಳು ಹೋಗುತ್ತದೆ.

ಇನ್ನು ತೆರೆದ ದಾರಿ. ಅಲ್ಲಿ ಹಾಯುವ ಅತಿ ದೊಡ್ಡ ಬೋಟಿನ ಅಗಲದ ನಾಲ್ಕೈದು ಪಟ್ಟು ಅಗಲ ಒಂದು ದಿಕ್ಕಿನ ಸಂಚಾರಕ್ಕೆ ಬೇಕು. 5 ಮೀಟರ್ ಅಗಲದ ಬೋಟಾದರೆ 25 ಮೀಟರ್. ಅದರ ಎರಡರಷ್ಟು ಇಲ್ಲದಿದ್ದರೆ ಎರಡೂ ಕಡೆಯಿಂದ ಒಟ್ಟಿಗೆ ಬಿಡಬೇಡಿ. ಸೆಳೆತದ ಜೊತೆಗೆ ಬರುವ ಬೋಟಿಗೆ ನಿಲ್ಲುವುದು ಕಷ್ಟ, ಆದ್ದರಿಂದ ಅದಕ್ಕೆ ಮೊದಲ ದಾರಿ. ಎದುರು ಸೆಳೆತಕ್ಕೆ ಏರುವ ಬೋಟು ಎಂಜಿನ್ ತಗ್ಗಿಸಿ ಇದ್ದಲ್ಲೇ ನಿಂತಿರಬಲ್ಲದು.

ಎತ್ತರವನ್ನು ಮರೆಯಬಾರದು. ಕಾರವಾರದಲ್ಲಿ ದೊಡ್ಡ ಉಬ್ಬರ ಇಳಿತದ ನಡುವಿನ ಅಂತರ 2 ಮೀಟರಿನ ಆಸುಪಾಸು. ಸೇತುವೆಯಡಿಯ ತೆರಪನ್ನು ತುಂಬು ಉಬ್ಬರದಲ್ಲೇ ಅಳೆಯಬೇಕು. ಕಾಂಕ್ರೀಟ್ ಹಾಕುವಾಗ ಕೆಳಗೆ ಇಳಿಬಿಡುವ ಸೆಂಟ್ರಿಂಗ್, ಅಟ್ಟಣಿಗೆ, ಸುರಕ್ಷತಾ ಬಲೆ ಸೇರಿ ಇನ್ನೂ ಒಂದೂವರೆ ಮೀಟರ್ ತಿಂದುಬಿಡಬಹುದು. ನಿನ್ನೆ ಹಾಯ್ದ ಬೋಟಿನ ಕಂಬ ಇವತ್ತು ತಾಗುವುದು ಹೀಗೆ. ಪಿಯರಿನ (ಸೇತುವೆ ಕಂಬದ) ಮೇಲೆ ಸೇತುವೆಯ ತಳದಿಂದ ನೀರಿನವರೆಗೆ ಕೆಳಕ್ಕೆ ಎಣಿಸುವ ಮೀಟರ್ ಗುರುತಿನ ಪಟ್ಟಿ ಬರೆದುಬಿಟ್ಟರೆ ಉಳಿದ ತೆರಪನ್ನು ತಾಂಡೇಲನೇ ಓದಿಕೊಳ್ಳುತ್ತಾನೆ.

ಬೋಯಾ ಕಟ್ಟುವ ಬಗೆ

ನಿಷಿದ್ಧ ಗಡಿಗೆ ಹಳದಿ ಬೋಯಾ (ತಳಕ್ಕೆ ಕಟ್ಟಿ ತೇಲಿಬಿಟ್ಟ ಗುರುತು), ತಲೆಯ ಮೇಲೆ ಗುಣಿಸು ಚಿಹ್ನೆಯಂತೆ ಅಡ್ಡಹಾಯ್ದ ಹಳದಿ ಪಟ್ಟಿ, ರಾತ್ರಿಗೆ ಮಿನುಗುವ ಹಳದಿ ದೀಪ. 50 ಮೀಟರಿಗೆ ಒಂದರಂತೆ ಸಾಕು. ತೆರೆದ ದಾರಿಗೆ, ಸಮುದ್ರದಿಂದ ಒಳಬರುವಾಗ ಎಡಕ್ಕೆ ಕೆಂಪು, ಬಲಕ್ಕೆ ಹಸಿರು. ಭಾರತದಲ್ಲಿ ನಡೆಯುವುದು ಈ ಪದ್ಧತಿಯೇ. ಕಾಳಿಯ ಮಟ್ಟಿಗೆ ಸದಾಶಿವಗಡದ ಕಡೆ ಕೆಂಪು, ಕೋಡಿಬಾಗದ ಕಡೆ ಹಸಿರು. ನೀರಡಿಯಲ್ಲಿ ಹೊಸದಾಗಿ ಬಿದ್ದ ಅವಶೇಷ ಇದ್ದರೆ ನೀಲಿ ಹಳದಿ ಉದ್ದ ಪಟ್ಟೆಗಳ ತುರ್ತು ಬೋಯಾ ಬೇಕು. ಅದರ ದೀಪ ಒಂದು ಸೆಕೆಂಡ್ ನೀಲಿ, ಅರೆ ಸೆಕೆಂಡ್ ಕತ್ತಲು, ಒಂದು ಸೆಕೆಂಡ್ ಹಳದಿ ಹೀಗೆ ಬೆಳಗುತ್ತದೆ. ಖಾಲಿ ಡೀಸೆಲ್ ಕ್ಯಾನು, ಥರ್ಮಾಕೋಲ್ ತುಂಡು ತೇಲಿಬಿಡಬೇಡಿ. ಬಲೆಯ ಗುರುತಿಗೂ ಅವನ್ನೇ ಕಟ್ಟುವುದರಿಂದ ಯಾರೂ ಅದನ್ನು ಎಚ್ಚರಿಕೆ ಎಂದು ಓದುವುದಿಲ್ಲ.

ತೂಕಕ್ಕೆ ಕಾಂಕ್ರೀಟ್ ಗಟ್ಟಿ ಇಳಿಸುವಾಗ ಒಂದು ಮಾತು ನೆನಪಿರಲಿ: ದಡದಲ್ಲಿ 1 ಟನ್ ತೂಗುವ ಕಾಂಕ್ರೀಟ್ ಉಪ್ಪುನೀರಿನಲ್ಲಿ ಸುಮಾರು 570 ಕಿಲೋ ಮಾತ್ರ ತೂಗುತ್ತದೆ. ಸಾಕು ಎಂದುಕೊಂಡದ್ದು ಮೊದಲ ಪ್ರವಾಹಕ್ಕೇ ಜಾರುವುದು ಇದರಿಂದ. ನೀರು ದಿನಕ್ಕೆ ಹಲವು ಸಲ ದಿಕ್ಕು ಬದಲಿಸುವುದರಿಂದ ಸರಪಳಿ ತಿರುಚಿಕೊಳ್ಳುತ್ತದೆ, ನಡುವೆ ಸ್ವಿವೆಲ್ (ತಿರುಗು ಕೊಂಡಿ) ಹಾಕಲೇಬೇಕು. ಶ್ಯಾಕಲ್ (ಸರಪಳಿ ಜೋಡಿಸುವ ಕೊಂಡಿ) ಪಿನ್ನಿಗೆ ತಂತಿ ಬಿಗಿಯದಿದ್ದರೆ ಅಲೆಯ ಅಲುಗಾಟಕ್ಕೆ ತಾನೇ ಬಿಚ್ಚಿಕೊಳ್ಳುತ್ತದೆ. ಪಾಲಿಪ್ರೊಪಿಲೀನ್ ಹಗ್ಗ ನೀರ ಮೇಲೆ ತೇಲುವ ಜಾತಿ, ಬೋಯಾ ಕಟ್ಟಲು ಬೇಡ.

ಎಲ್ಲರೂ ಎಡವುವ ಜಾಗ ಮುಂದಿದೆ. ಆಳದ ಮೂರು ಪಟ್ಟು ಸರಪಳಿ ಬಿಡುವುದು ವಾಡಿಕೆ. 6 ಮೀಟರ್ ಆಳಕ್ಕೆ 18 ಮೀಟರ್ ಬಿಟ್ಟರೆ ಜೋರು ಸೆಳೆತದಲ್ಲಿ ಬೋಯಾ ತನ್ನ ಜಾಗದಿಂದ 17 ಮೀಟರಿನಷ್ಟು ಸರಿಯಬಲ್ಲದು, ಸೆಳೆತ ತಿರುಗಿದಾಗ ಆಚೆ ಕಡೆಗೆ ಇನ್ನೊಂದು 17. ದೂರದ ಎಚ್ಚರಿಕೆ ಗುರುತಿಗೆ ಇದರಿಂದ ತೊಂದರೆಯಿಲ್ಲ. 25 ಮೀಟರಿನ ದಾರಿಯ ಅಂಚಿಗೆ ಇಂಥ ಬೋಯಾ ಇಟ್ಟರೆ, ಗಾಳಿ ಓರೆಯಾಗಿ ಬೀಸಿದ ದಿನ ಗುರುತು ದಾರಿಯ ನಡುವೆ ಬಂದು ನಿಂತಿರುತ್ತದೆ. ದಾರಿಯ ಅಂಚಿಗೆ ಎರಡು ಗಟ್ಟಿಗಳಿಂದ ಎರಡೂ ಕಡೆ ಬಿಗಿದು ಕಟ್ಟಿ, ಸಾಧ್ಯವಿದ್ದರೆ ಪಿಯರಿನ ಮೇಲೇ ಫಲಕ ಕೂರಿಸಿ: ಎಡಕ್ಕೆ ಕೆಂಪು ಚೌಕ, ಬಲಕ್ಕೆ ಹಸಿರು ತ್ರಿಕೋನ. ಫಲಕ ಜಾಗ ಬಿಟ್ಟು ಕದಲುವುದಿಲ್ಲ.

ಬಾರ್ಜಿನ ಮೇಲೂ ಗುರುತು ಬೇಕು. ಹಗಲಲ್ಲಿ ಮೇಲಿನಿಂದ ಕೆಳಕ್ಕೆ ಕಪ್ಪು ಚೆಂಡು, ವಜ್ರಾಕೃತಿ, ಚೆಂಡು. ರಾತ್ರಿ ಕೆಂಪು, ಬಿಳಿ, ಕೆಂಪು ದೀಪ. ಅಡಚಣೆ ಇರುವ ಪಕ್ಕಕ್ಕೆ ಎರಡು ಚೆಂಡು ಅಥವಾ ಎರಡು ಕೆಂಪು ದೀಪ, ಹಾಯಬಹುದಾದ ಪಕ್ಕಕ್ಕೆ ಎರಡು ವಜ್ರಾಕೃತಿ ಅಥವಾ ಎರಡು ಹಸಿರು ದೀಪ. ಮುಳುಗುಗಾರರು ನೀರಿನಲ್ಲಿದ್ದರೆ ಬಿಳಿ ನೀಲಿಯ ‘ಎ’ ಬಾವುಟ, ಬಟ್ಟೆಯದ್ದಲ್ಲ, ತಗಡಿನದು. ಗಾಳಿಯಿಲ್ಲದಾಗ ಬಟ್ಟೆ ಜೋತು ಬೀಳುತ್ತದೆ.

ಸೈಟಿನ ಫ್ಲಡ್‌ಲೈಟ್ ನದಿಯ ಕಡೆ ಮುಖ ಮಾಡಿರಬಾರದು. ಕತ್ತಲಿಗೆ ಹೊಂದಿಕೊಂಡ ಕಣ್ಣಿಗೆ ಆ ಬೆಳಕು ಹೊಡೆದರೆ ಬೋಯಾದ ಸಣ್ಣ ದೀಪ ಪೂರ್ತಿ ಅಳಿಸಿಹೋಗುತ್ತದೆ. ದೀಪಗಳನ್ನು ಕೆಳಮುಖವಾಗಿಸಿ, ರಾತ್ರಿ ದೋಣಿಯಲ್ಲಿ ಕೂತು ಎರಡೂ ದಿಕ್ಕಿನಿಂದ ಬಂದು ನೋಡಿ. ದಡದಲ್ಲಿ ನಿಂತು ನೋಡಿದರೆ ಇದು ತಿಳಿಯುವುದಿಲ್ಲ.

ಆದೇಶ ಮತ್ತು ಡಂಗುರ

ಗುತ್ತಿಗೆದಾರನಿಗೆ ದೋಣಿ ತಡೆಯುವ ಅಧಿಕಾರ ತಾನಾಗಿ ಬರುವುದಿಲ್ಲ. ಬಂದರು ಅಧಿಕಾರಿ, ಜಿಲ್ಲಾಡಳಿತ, ಕರಾವಳಿ ಕಾವಲು ಪೊಲೀಸ್, ಮೀನುಗಾರಿಕೆ ಇಲಾಖೆ ಒಟ್ಟಿಗೆ ಕೂತು ತೀರ್ಮಾನಿಸಬೇಕು. ಕಾಳಿ 2016ರ ಕಾಯ್ದೆಯಡಿ ರಾಷ್ಟ್ರೀಯ ಜಲಮಾರ್ಗ 52 ಆಗಿರುವುದರಿಂದ ಒಳನಾಡು ಜಲಮಾರ್ಗ ಪ್ರಾಧಿಕಾರಕ್ಕೂ ವಿಷಯ ತಿಳಿದಿರಬೇಕು. ಜಿಲ್ಲಾಧಿಕಾರಿಗಳು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಂ ಪ್ರಕಾರ ನಿಷೇಧ ಹೊರಡಿಸಿದರೆ ಅದರ ಆಯುಷ್ಯ ಸಾಮಾನ್ಯವಾಗಿ ಎರಡು ತಿಂಗಳು. ಕಾಮಗಾರಿ ಅದಕ್ಕಿಂತ ಉದ್ದ ನಡೆಯುತ್ತದೆ. ಆದೇಶ ಮುಗಿಯುವ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಹದಿನೈದು ದಿನ ಮುಂಚೆ ಮುಂದಿನ ಕ್ರಮ ಕೇಳಿ.

ಸುದ್ದಿ ಮುಟ್ಟಿಸುವುದು ಇನ್ನೂ ಮುಖ್ಯ. ಬೈತಖೋಲ ಬಂದರು, ಕೋಡಿಬಾಗ, ದೇವಬಾಗ, ಮಾಜಾಳಿ, ಸದಾಶಿವಗಡ, ಇಷ್ಟು ಕಡೆ ಕನ್ನಡ ಮತ್ತು ಕೊಂಕಣಿಯಲ್ಲಿ ಕನಿಷ್ಠ ಏಳು ದಿನ ಮೊದಲು ತಿಳಿಸಿ. ಅಚ್ಚು ಹಾಕಿದ ನೋಟಿಸಿಗಿಂತ ಸಂಘದವರ ಧ್ವನಿಯಲ್ಲಿ ರೆಕಾರ್ಡ್ ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಮಾತು ಬೇಗ ಮುಟ್ಟುತ್ತದೆ. ಒಕ್ಕಣೆ ಹೀಗಿರಲಿ:

“ಇದೇ ಗುರುವಾರ ಬೆಳಗಿನ ಉಬ್ಬರ ತುಂಬಿದ ಹೊತ್ತಿಗೆ, ಸುಮಾರು ಹತ್ತರಿಂದ ಹನ್ನೊಂದರವರೆಗೆ, ಸೇತುವೆಯ ಕೆಳಗೆ ಯಾವ ದೋಣಿಯೂ ಹಾಯುವಂತಿಲ್ಲ. ಸೇತುವೆಯ ತೊಲೆ, ಗರ್ಡರ್ ಏರಿಸುತ್ತಾರೆ. ಉಳಿದ ಹೊತ್ತು ಕೋಡಿಬಾಗದ ಕಡೆಯಿಂದ ಎಣಿಸಿದರೆ ಮೂರನೆಯ ಮತ್ತು ನಾಲ್ಕನೆಯ ಕಂಬದ ನಡುವೆ ದಾರಿ ತೆರೆದಿದೆ. ಕೆಲಸ ಬೇಗ ಮುಗಿದರೆ ಹಸಿರು ಬಾವುಟ ಏರಿಸಿ ಆಗಲೇ ಬಿಡುತ್ತೇವೆ.”

ಕೊನೆಯ ಸಾಲನ್ನು ಬಿಡಬೇಡಿ, ಬರೆದ ಮೇಲೆ ನಡೆಸಿಕೊಡಿ. ಕೆಲಸವಿಲ್ಲದ ಹೊತ್ತಿನಲ್ಲೂ ಮುಚ್ಚಿಟ್ಟ ದಾರಿಗೆ ಮೂರನೆಯ ದಿನದಿಂದ ಯಾರೂ ಬೆಲೆ ಕೊಡುವುದಿಲ್ಲ. ಒಂದು ಸುತ್ತು ಹೆಚ್ಚು ಹೊಡೆದರೂ ಡೀಸೆಲ್ ಹೋಗುವುದು ಮೀನುಗಾರನ ಕಿಸೆಯಿಂದ, ತಡವಾದರೆ ಹರಾಜಿನಲ್ಲಿ ಮೀನಿನ ದರ ಬೀಳುತ್ತದೆ. ಅವನ ಹೊತ್ತಿಗೆ ಮರ್ಯಾದೆ ಕೊಡುವುದೂ ಸುರಕ್ಷತೆಯ ಒಂದು ಭಾಗ.

ಪೂರ್ತಿ ಮುಚ್ಚುವುದನ್ನು ನೀರು ನಿಂತ ಹೊತ್ತಿಗೆ ಹೊಂದಿಸಿ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುವುದರಿಂದ “ಪ್ರತಿದಿನ ಹತ್ತಕ್ಕೆ” ಎಂಬ ನಿಯಮ ನಡೆಯುವುದಿಲ್ಲ. ಜಾತ್ರೆಯ ದಿನ ಬೇಡ. ಕೂರ್ಮಗಡ ದ್ವೀಪದ ಜಾತ್ರೆ ಬೀಳುವುದು ಪುಷ್ಯ ಹುಣ್ಣಿಮೆಗೆ, ಅಂದು ದೋಣಿಗಳೂ ಹೆಚ್ಚು, ಸೆಳೆತವೂ ಹೆಚ್ಚು. 2019ರ ಜನವರಿ 21ರಂದು ಆ ಜಾತ್ರೆಯಿಂದ ಮರಳುವಾಗ ದೋಣಿ ಮಗುಚಿ 16 ಮಂದಿ ತೀರಿಕೊಂಡದ್ದನ್ನು ಈ ಊರು ಮರೆತಿಲ್ಲ. ಜೂನ್, ಜುಲೈಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವುದರಿಂದ ನದಿ ಖಾಲಿ ಇರುತ್ತದೆ ಎಂದು ಎಣಿಸಬೇಡಿ. ಕಡಲಿಗೆ ಇಳಿಯಲಾಗದ ನಾಡದೋಣಿಗಳು ಆಗ ನದಿಯಲ್ಲೇ ಬಲೆ ಬೀಸುತ್ತವೆ.

ಕಾವಲು ದೋಣಿ

ಮೇಲ್ಗಡೆಗೆ ಒಂದು, ಕೆಳಗಡೆಗೆ ಒಂದು. ಊರಿನ ಮೀನುಗಾರರನ್ನೇ ಸಂಬಳ ಕೊಟ್ಟು ನೇಮಿಸಿ. ಅವರ ಮಾತನ್ನು ಉಳಿದವರು ಕೇಳುತ್ತಾರೆ. ದೋಣಿಯಲ್ಲಿ ಎಲ್ಲರ ಮೈಮೇಲೆ ಲೈಫ್ ಜಾಕೆಟ್, 30 ಮೀಟರ್ ಎಸೆಯುವ ಹಗ್ಗ, ಕೈಗೆಟುಕುವಂತೆ ಲಂಗರು, ಬಲೆ ಕೊಯ್ಯುವ ಕತ್ತಿ, ಮೆಗಾಫೋನ್, ಚಾನಲ್ 16ರಲ್ಲಿಟ್ಟ ವಿಎಚ್‌ಎಫ್ ರೇಡಿಯೊ ಇರಬೇಕು. ಕರಾವಳಿ ಕಾವಲು ಪೊಲೀಸರ 1093, ಕೋಸ್ಟ್ ಗಾರ್ಡಿನ 1554 ಸಂಖ್ಯೆಗಳನ್ನು ದೋಣಿಯ ಒಳಮೈಗೆ ಬಣ್ಣದಲ್ಲಿ ಬರೆಯಿಸಿ. ಕಾವಲು ದೋಣಿಯನ್ನು ಬಾರ್ಜಿಗೆ ಕಟ್ಟಿ ಚಹಾ ಸಾಗಿಸಲು ಬಳಸಿದರೆ ಮೂರು ನಿಮಿಷದ ಲೆಕ್ಕ ಅಲ್ಲಿಗೇ ಮುರಿಯಿತು.

ಗಡಿ ದಾಟಿ ಬರುವವರಲ್ಲಿ ಬಹಳ ಮಂದಿ ಬಲೆಯ ಬೆನ್ನು ಹತ್ತಿ ಬಂದವರು. ಮೇಲ್ಗಡೆ ತೇಲಿಬಿಟ್ಟ ಬಲೆ ಇಳಿತಕ್ಕೆ ಸಿಕ್ಕಿ ಪೈಲುಗಳಿಗೆ ಸುತ್ತಿಕೊಳ್ಳುತ್ತದೆ. ಸಾವಿರಾರು ರೂಪಾಯಿಯ ಬಲೆ ಬಿಟ್ಟು ಹೋಗು ಎಂದರೆ ಯಾರು ಹೋಗುತ್ತಾರೆ? ಇಳಿತದ ಹೊತ್ತಿನಲ್ಲಿ ಮೇಲ್ಗಡೆ 1 ಕಿ.ಮೀ. ಒಳಗೆ ತೇಲುಬಲೆ ಬಿಡದಂತೆ ಸಂಘದೊಂದಿಗೆ ಒಪ್ಪಂದ ಮಾಡಿಕೊಳ್ಳಿ. ಆದರೂ ಸಿಕ್ಕಿಕೊಂಡರೆ ಕ್ರೇನ್ ನಿಲ್ಲಿಸಿ, ಕಾವಲು ದೋಣಿಯವರೇ ಬಿಡಿಸಿ ತಂದು ಕೊಡಲಿ. ಒಳನುಗ್ಗಿದ ಪ್ರತಿ ದೋಣಿಯ ಹೊತ್ತು, ಜಾಗ, ಕಾರಣ ಪುಸ್ತಕದಲ್ಲಿ ಬರೆಯಿರಿ. ಒಂದೇ ಜಾಗದಲ್ಲಿ ಮೂರು ಸಲ ಆಯಿತೆಂದರೆ ಗಡಿಯನ್ನೇ ತಿದ್ದಬೇಕು.

ತೆರವು

ಕೆಲಸ ಮುಗಿದು ಬಾರ್ಜು ಹೋದ ಮೇಲೆ ಉಳಿಯುವ ಅಪಾಯ ಕಣ್ಣಿಗೆ ಕಾಣದಂಥದ್ದು. ತಾತ್ಕಾಲಿಕ ಪೈಲುಗಳನ್ನು ನೀರಿನ ಮಟ್ಟಕ್ಕೆ ಕತ್ತರಿಸಿ ಬಿಟ್ಟರೆ ಉಬ್ಬರದಲ್ಲಿ ಅವು ಮುಳುಗಿರುತ್ತವೆ, ಬೋಟಿನ ತಳ ಸೀಳುತ್ತವೆ. ಪೂರ್ತಿ ಕೀಳಬೇಕು, ಆಗದಿದ್ದರೆ ನದಿತಳಕ್ಕಿಂತ 1 ಮೀಟರ್ ಕೆಳಗೆ ಕತ್ತರಿಸಬೇಕು. ಬೋಯಾದ ಕಾಂಕ್ರೀಟ್ ಗಟ್ಟಿ, ತುಂಡಾದ ಲಂಗರು ಹಗ್ಗ, ಬಿದ್ದ ಕಬ್ಬಿಣ ಎಲ್ಲವನ್ನೂ ಇಳಿಸಿದ ಪಟ್ಟಿಯ ಜೊತೆ ತಾಳೆ ನೋಡಿ ಮೇಲೆತ್ತಿ. ಆಮೇಲೆ ತಗ್ಗು ಇಳಿತದಲ್ಲಿ ಎರಡು ದೋಣಿಗಳ ನಡುವೆ ತೂಕ ಕಟ್ಟಿದ ತಂತಿ ಹಗ್ಗವನ್ನು ತಳಕ್ಕೆ ಇಳಿಬಿಟ್ಟು, ದಾರಿಯುದ್ದಕ್ಕೂ ನಿಧಾನವಾಗಿ ಎಳೆದುಕೊಂಡು ಹೋಗಿ. ಹಗ್ಗ ಎಲ್ಲಿ ತಡೆಯಿತೋ ಅಲ್ಲಿ ಮುಳುಗುಗಾರನನ್ನು ಇಳಿಸಿ. ತೆಗೆಯಲಾಗದೆ ಉಳಿದದ್ದು ಏನಾದರೂ ಇದ್ದರೆ ಅದರ ಜಿಪಿಎಸ್ ಅಂಕಿ, ತಗ್ಗು ಇಳಿತದಲ್ಲಿ ಅದರ ಮೇಲೆ ಎಷ್ಟು ನೀರು ಇರುತ್ತದೆ ಎಂಬುದನ್ನು ಬರೆದು ಬಂದರು ಕಚೇರಿಗೂ ಪ್ರತಿ ಮೀನುಗಾರರ ಸಂಘಕ್ಕೂ ಕೊಡಿ. ಅದರ ಮೇಲಿನ ಬೋಯಾವನ್ನು ಮಾತ್ರ ತೆಗೆಯಬೇಡಿ.