ಸೈಟಿನ ಮನೆಯಲ್ಲಿ ಮುಧೋಳ ನಾಯಿ: ನನ್ನ ಅನುಭವ

ಓಡಿ ಬೇಟೆಯಾಡುವ ತಳಿಯಾದ ಮುಧೋಳ ನಾಯಿಯನ್ನು ಹೊಲವಿಲ್ಲದವರು ಸಾಕಬಾರದೆಂದು ನನಗೆ ಬುದ್ಧಿ ಹೇಳಿದವರಲ್ಲಿ ಮುಧೋಳದ ಬಳಿಯ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಿಂದ ಮರಿ ತಂದು ಸಾಕಿದವರೂ ಇದ್ದರು. ಧಾರವಾಡದ ಬಡಾವಣೆಯಲ್ಲಿ, 30×40ರ ಸೈಟಿನ ಮನೆಯಲ್ಲಿ, ಇಬ್ಬರು ಮಕ್ಕಳ ನಡುವೆ ನಮ್ಮ ಗಂಡು ನಾಯಿ ಈಗ ಮಧ್ಯಾಹ್ನವೆಲ್ಲ ನೆಮ್ಮದಿಯಾಗಿ ಮಲಗಿರುವುದನ್ನು ಕಂಡು ಅವರೇ ಉಪಾಯ ಕೇಳುತ್ತಿದ್ದಾರೆ.

ಮೊದಲ ವರ್ಷ ದಿನಕ್ಕೆ ಐದಾರು ಕಿಲೋಮೀಟರ್ ಸರಪಳಿ ಹಿಡಿದು ನಡೆಸಿದರೂ ಅದು ದಣಿಯಲಿಲ್ಲ. ಮನೆಗೆ ಬಂದೊಡನೆ ಸೋಫಾ ಹರಿಯುತ್ತಿತ್ತು. ಹದಿನೆಂಟು ಸಾವಿರದಷ್ಟು ಕೊಟ್ಟು ತಂದ ಹಳೆಯ ಟ್ರೆಡ್‌ಮಿಲ್ ಮೇಲೆ ಅದು ಕಾಲಿಡಲೇ ಇಲ್ಲ. ಈ ತಳಿಗೆ ಬೇಕಾದದ್ದು ದೂರವಲ್ಲ, ವೇಗ. ನಾಯಿ ಸಾಕಿರುವ ಮೂರು ಕುಟುಂಬದವರು ಸೇರಿ, ಪರಿಚಯದವರ ಖಾಲಿ ಜಾಗಕ್ಕೆ ನಲವತ್ತು ಸಾವಿರದ ಆಸುಪಾಸು ಖರ್ಚು ಮಾಡಿ, ನಾಯಿಗಳನ್ನು ಬಿಟ್ಟು ಓಡಿಸಲೆಂದು ಜಾಲರಿ ಬೇಲಿ ಹಾಕಿಸಿದೆವು. ಐದು ಅಡಿಯ ಬೇಲಿಯನ್ನು ನಮ್ಮ ನಾಯಿ ನಿಂತಲ್ಲಿಂದಲೇ ಹಾರಿದ್ದರಿಂದ ಏಳು ಅಡಿಗೆ ಏರಿಸಬೇಕಾಯಿತು. ಮುಳ್ಳುತಂತಿಯನ್ನು ಮಾತ್ರ ಯಾರೂ ಬಳಸಬೇಡಿ. ಈ ನಾಯಿಗಳ ತೆಳು ಚರ್ಮ ಒಮ್ಮೆ ತಾಗಿದರೂ ಗೇಣುದ್ದ ಸೀಳುತ್ತದೆ.

ಬಿದಿರಿನ ಗಳಕ್ಕೆ ಹಗ್ಗ ಬಿಗಿದು, ತುದಿಗೆ ಗೋಣಿಚೀಲದ ತುಂಡು ಕಟ್ಟಿ ನೆಲದ ಮೇಲೆ ಎಳೆಯುತ್ತೇನೆ. ತುಂಡು ಅಲುಗಿದೊಡನೆ ಕಿವಿ ಹಿಂದಕ್ಕೆ ಒತ್ತುತ್ತವೆ, ಬೆನ್ನು ಬಿಲ್ಲಿನಂತೆ ಬಾಗುತ್ತದೆ, ಮರುಕ್ಷಣ ನಾಯಿ ಜಾಗದ ಆ ತುದಿಯಲ್ಲಿರುತ್ತದೆ. ಬೆಳಿಗ್ಗೆ ಬಿಸಿಲೇರುವ ಮೊದಲು ಹತ್ತು ನಿಮಿಷ, ಸಂಜೆ ಅಷ್ಟೇ. ನಡುನಡುವೆ ಸುಧಾರಿಸಿಕೊಳ್ಳಲು ಬಿಡುತ್ತೇನೆ. ಎಲುಬು ಬಲಿಯುವವರೆಗೆ, ಅಂದರೆ ವರ್ಷ ತುಂಬುವವರೆಗೆ, ಮರಿಗಳನ್ನು ಹೀಗೆ ಓಡಿಸಬಾರದು. ಬೆನ್ನಟ್ಟುವ ಭರದಲ್ಲಿದ್ದಾಗಲೂ ನನ್ನ ಒಂದು ಸಿಳ್ಳೆಗೆ ಅದು ಹಿಂದಿರುಗುತ್ತದೆ. ನಮ್ಮ ಪರಿಚಯದವರಲ್ಲಿ ಬೇರೆ ಯಾರ ನಾಯಿಗೂ ಇದು ಸಾಧ್ಯವಾಗಿಲ್ಲ. ಅದನ್ನು ಕಲಿಸಿದ ಬಗೆಯನ್ನು ಸದ್ಯಕ್ಕೆ ಹೇಳಲಾರೆ.

ಊಟದಲ್ಲೂ ಪ್ರಯೋಗ ಮಾಡಿದೆ. ತಿಂಗಳಿಗೆ ಆರು ಸಾವಿರದಷ್ಟು ಬೀಳುತ್ತಿದ್ದ, ಚೀಲದಲ್ಲಿ ಸಿಗುವ ಸಿದ್ಧ ಆಹಾರದಿಂದ ನಮ್ಮದಕ್ಕೆ ಭೇದಿ ನಿಲ್ಲಲಿಲ್ಲ. ಜೋಳದ ನುಚ್ಚು, ಮೊಟ್ಟೆ, ಬೇಯಿಸಿದ ಕೋಳಿಮಾಂಸಕ್ಕೆ ಬದಲಿಸಿದ ಮೇಲೆ ಖರ್ಚು ಅರ್ಧಕ್ಕಿಳಿಯಿತು, ಮೈಯ ಹೊಳಪೂ ಬಂತು. ಹಾಲನ್ನು ಪೂರ್ತಿ ಬಿಟ್ಟು ನೋಡಿದಾಗ ಏನೂ ವ್ಯತ್ಯಾಸ ಕಾಣಲಿಲ್ಲ. ಎದೆ ಆಳವಾದ ತಳಿಯಾದ್ದರಿಂದ ಹೊಟ್ಟೆ ತಿರುಚಿಕೊಳ್ಳುವ ಅಪಾಯವಿದೆ. ಓಟ ಮುಗಿದು ಒಂದು ಗಂಟೆಯಾದರೂ ಆಗದೆ ತಟ್ಟೆ ಇಡುವುದಿಲ್ಲ.

ಪಕ್ಕೆಲುಬು ಎಣಿಸಬಹುದೆಂದು ನೆಂಟರು ಮರುಗುತ್ತಾರೆ. ಕೊನೆಯ ಎರಡು ಮೂರು ಎಲುಬು ಕಾಣುವುದೇ ಇದರ ಸರಿಯಾದ ಮೈಕಟ್ಟು. ಸುಮಾರು 26 ಕಿಲೋ ದಾಟದಂತೆ ನೋಡಿಕೊಂಡಿದ್ದೇನೆ. ಕೊಬ್ಬು ಕಡಿಮೆಯಾದ ಕಾರಣ ಧಾರವಾಡದ ಮಳೆಗಾಲದ ಥಂಡಿಗೆ ರಾತ್ರಿ ಒಳಗೆ ಕಂಬಳಿಯ ಮೇಲೆ ಮಲಗಿಸುತ್ತೇನೆ. ಕೆಲವು ಅರಿವಳಿಕೆ ಔಷಧಗಳ ಅಮಲು ಈ ಬಗೆಯ ಬೇಟೆನಾಯಿಗಳಿಗೆ ಬೇಗ ಇಳಿಯುವುದಿಲ್ಲ. ಸಂತಾನಹರಣ ಶಸ್ತ್ರಚಿಕಿತ್ಸೆಗೆ ಒಯ್ದಾಗ ವೈದ್ಯರಿಗೆ ತಳಿಯ ಹೆಸರನ್ನು ಮೊದಲೇ ತಿಳಿಸಿ, ಔಷಧದ ಬಗ್ಗೆ ಮಾತನಾಡಿಕೊಂಡೇ ಒಪ್ಪಿಗೆ ಕೊಟ್ಟೆ.