ಮಾತಿನ ಲೆಕ್ಕವನ್ನು ಸಮೀಕರಣ ಮಾಡುವ ಬಗೆ

ಲೆಕ್ಕವನ್ನು ಪೂರ್ತಿ ಓದಿ, ಕೊನೆಗೆ ಕೇಳಿದ್ದೇನು ಅನ್ನುವುದಕ್ಕೆ ಗೆರೆ ಎಳೆಯಿರಿ. ಸಾಮಾನ್ಯವಾಗಿ ಅದೇ ಕ್ಷ, ಅಂದರೆ ನಾವು ಕಂಡುಹಿಡಿಯಬೇಕಾದ ಸಂಖ್ಯೆ (x).

ಮಾಟುಂಗಾದ ಉಡುಪಿ ಹೋಟೆಲಿನಲ್ಲಿ ಇಡ್ಲಿ, ವಡೆ ಸೇರಿ 12 ಪ್ಲೇಟು, ಬಿಲ್ಲು 530 ರೂಪಾಯಿ. ಪ್ಲೇಟು ಇಡ್ಲಿಗೆ 40, ವಡೆಗೆ 50 ಅಂದುಕೊಳ್ಳಿ. ಇಡ್ಲಿ ಎಷ್ಟು ಪ್ಲೇಟು? ‘ಕ್ಷ = ಇಡ್ಲಿ’ ಎಂದು ಬರೆದರೆ ಮುಂದೆ ಎಡವುತ್ತೀರಿ; ಬೆಲೆಯೋ ಸಂಖ್ಯೆಯೋ ಗೊತ್ತಾಗುವುದಿಲ್ಲ. ‘ಕ್ಷ = ಇಡ್ಲಿ ಪ್ಲೇಟುಗಳ ಸಂಖ್ಯೆ’ ಎನ್ನಿ. ಆಗ ವಡೆ 12 − ಕ್ಷ.

40ಕ್ಷ + 50(12 − ಕ್ಷ) = 530
600 − 10ಕ್ಷ = 530
ಕ್ಷ = 7

ಮಕ್ಕಳು ಹೆಚ್ಚಾಗಿ ತಪ್ಪುವುದು ಆವರಣದಲ್ಲೇ: 50 × 12 ಮಾಡಿ, ಕ್ಷವನ್ನು 50ರಿಂದ ಗುಣಿಸುವುದನ್ನು ಮರೆಯುತ್ತಾರೆ. ಹಾಗೆ ಮಾಡಿದರೆ ಕ್ಷ ಋಣಸಂಖ್ಯೆಯಾಗುತ್ತದೆ. ಪ್ಲೇಟು ಮೈನಸ್ ಆಗಲು ಸಾಧ್ಯವೇ?

ರೈಲಿನ ಲೆಕ್ಕ ಸ್ವಲ್ಪ ಬಿಗಿ. ಮುಂಬಯಿ ಸಿಎಸ್‌ಎಂಟಿ ನಿಲ್ದಾಣದಿಂದ ಪುಣೆಗೆ 192 ಕಿ.ಮೀ. ಮುಂಬಯಿಯಿಂದ 7:00ಕ್ಕೆ ಒಂದು ರೈಲು ಗಂಟೆಗೆ 60ರಂತೆ, ಪುಣೆಯಿಂದ 7:30ಕ್ಕೆ ಇನ್ನೊಂದು 48ರಂತೆ ಹೊರಟರೆ ಎದುರಾಗುವುದು ಯಾವಾಗ? ಮೊದಲ ರೈಲು ಓಡಿದ ಗಂಟೆಗಳು ಕ್ಷ ಆದರೆ ಎರಡನೆಯದು ಕ್ಷ − ½. ಇಲ್ಲಿ 30 ನಿಮಿಷವನ್ನು ಹಾಗೇ 30 ಎಂದು ಕಳೆದರೆ ಲೆಕ್ಕ ಹಾಳು. ವೇಗ ಗಂಟೆಯಲ್ಲಿದ್ದರೆ ಕಾಲವೂ ಗಂಟೆಯಲ್ಲೇ ಇರಬೇಕು.

60ಕ್ಷ + 48(ಕ್ಷ − ½) = 192
108ಕ್ಷ = 216
ಕ್ಷ = 2

ಅಂದರೆ 9:00ಕ್ಕೆ. ತಾಳೆ ನೋಡುವಾಗ ಸಮೀಕರಣಕ್ಕಲ್ಲ, ಮೂಲ ಲೆಕ್ಕಕ್ಕೇ ಹಿಂತಿರುಗಿ: 120 + 72 = 192. (120ನೇ ಕಿ.ಮೀ. ಕರ್ಜತ್ ದಾಟಿ ಘಾಟಿನಲ್ಲಿದೆ. ಅಲ್ಲಿ ರೈಲು ಇಷ್ಟು ಸಮವೇಗದಲ್ಲಿ ಓಡುವುದು ಪರೀಕ್ಷೆಯ ಪತ್ರಿಕೆಯಲ್ಲಿ ಮಾತ್ರ.)