ಹತ್ತುವ ಗಡುವಿನಿಂದ ಹಿಂದಕ್ಕೆ ಎಣಿಸಿ: ಬಾಲ್ಟಿಕ್ ಬಂದರುಗಳಲ್ಲಿ ನನ್ನ ಅನುಭವ

ಬಾಲ್ಟಿಕ್ ಕ್ರೂಸಿನಲ್ಲಿ ಹಡಗಿನವರ ಪ್ರವಾಸದ ಬಸ್ಸನ್ನು ಒಮ್ಮೆಯೂ ಹತ್ತದೆ, ಆಯಾ ಊರಿನ ರೈಲು, ಟ್ರಾಮ್, ದೋಣಿಗಳಲ್ಲೇ ತಿರುಗಾಡಿ, ಎಪ್ಪತ್ತು ದಾಟಿದ ಅತ್ತೆಯವರೂ ಸೇರಿದಂತೆ ನಾವು ಐವರೂ ಪ್ರತಿ ಸಂಜೆ ಗಡುವಿಗೆ ಮುಂಚೆಯೇ ಹಡಗು ಸೇರಿದೆವು ಎಂದರೆ ನಮ್ಮ ಬಳಗದಲ್ಲಿ ಈಗಲೂ ಪೂರ್ತಿ ನಂಬದವರಿದ್ದಾರೆ. ಹೊರಡುವ ಮುನ್ನ ಭಾವನವರು, “ಅದು ನಿನ್ನ ಹುಬ್ಬಳ್ಳಿ ಪ್ಯಾಸೆಂಜರ್ ಅಲ್ಲಪ್ಪಾ, ಕಾಯೋದಿಲ್ಲ” ಎಂದಿದ್ದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಹಡಗಿನವರೇ ನಡೆಸುವ ಪ್ರವಾಸ ತಡವಾದರೆ ಹಡಗು ಕಾಯುತ್ತದೆ, ಸ್ವಂತವಾಗಿ ಹೋದವರಿಗಾಗಿ ಕಾಯುವುದಿಲ್ಲ ಎಂಬುದು ಕ್ರೂಸ್ ಮಾಡಿದವರಿಗೆಲ್ಲ ಗೊತ್ತಿರುವ ಸಂಗತಿ. ಆದರೆ ರೈಲ್ವೆ ಕಂಟ್ರೋಲಿನಲ್ಲಿ ಇಡೀ ನೌಕರಿ ಕಳೆದವನಿಗೆ ವೇಳಾಪಟ್ಟಿಯ ಭಯ ಹುಟ್ಟಿಸುವುದು ಅಷ್ಟು ಸುಲಭವಲ್ಲ.

ಇದಕ್ಕೂ ಮೊದಲು ಹಡಗಿನವರ ಪ್ರವಾಸಗಳ ರುಚಿಯನ್ನೂ ನೋಡಿದ್ದೆವು. ಜರ್ಮನಿಯ ವಾರ್ನೆಮುಂಡೆ ಬಂದರಿನಲ್ಲಿ ಇಳಿದು ಬರ್ಲಿನ್ನಿಗೆ ಬಸ್ಸಿನಲ್ಲಿ ಹೋಗಿಬಂದ ಆ ದಿನ, ಹೋಗಲು ಹೆಚ್ಚುಕಡಿಮೆ ಮೂರು ಗಂಟೆ, ಬರಲು ಅಷ್ಟೇ. ನಡುವೆ ಬ್ರಾಂಡೆನ್‌ಬುರ್ಗ್ ದ್ವಾರದ ಮುಂದೆ ಫೋಟೋ, ಒಂದು ಊಟ, ಶೌಚಾಲಯದ ಸಾಲು. ತಲೆಗೆ ಇನ್ನೂರು ಡಾಲರಿಗೂ ಮೇಲೆ ತೆತ್ತು ನಾವು ಚೆನ್ನಾಗಿ ನೋಡಿದ್ದು ಜರ್ಮನಿಯ ಹೆದ್ದಾರಿಯನ್ನು. ಆಗೆಲ್ಲ ಬಾಲ್ಟಿಕ್ ಯಾತ್ರೆ ಎಂದರೆ ಸೇಂಟ್ ಪೀಟರ್ಸ್‌ಬರ್ಗ್. ಅಧಿಕೃತ ಪ್ರವಾಸದ ಜೊತೆ ಹೋದರೆ ಮಾತ್ರ 72 ಗಂಟೆಗಳವರೆಗೆ ವೀಸಾ ಬೇಡವೆಂಬ ನಿಯಮವಿದ್ದುದರಿಂದ ಎಲ್ಲರೂ ಬಸ್ಸು ಹತ್ತಲೇಬೇಕಿತ್ತು, ಆ ಅಭ್ಯಾಸ ಉಳಿದ ಬಂದರುಗಳಿಗೂ ಅಂಟಿಕೊಂಡಿತ್ತು. 2022ರಿಂದ ದೊಡ್ಡ ಕಂಪನಿಗಳ ಹಡಗುಗಳು ಅಲ್ಲಿಗೆ ಹೋಗುವುದನ್ನು ನಿಲ್ಲಿಸಿದ ಮೇಲೆ ಉಳಿದ ಊರುಗಳೆಲ್ಲ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ವೀಸಾದೊಳಗಿನವು. ಹೀಗಿರುವಾಗ ಬಸ್ಸಿಗೆ ಜೋತುಬೀಳಲು ನನಗೆ ಕಾರಣ ಕಾಣಲಿಲ್ಲ.

ನನ್ನ ಲೆಕ್ಕ ಬೆಳಿಗ್ಗೆಯಿಂದ ಶುರುವಾಗುವುದಿಲ್ಲ, ಸಂಜೆಯಿಂದ ಶುರುವಾಗುತ್ತದೆ. ಹಡಗು ಐದಕ್ಕೆ ಹೊರಡುತ್ತದೆ ಎಂದರೆ ಹತ್ತುವ ಗಡುವು ಸಾಮಾನ್ಯವಾಗಿ ನಾಲ್ಕೂವರೆ. ಅದಕ್ಕಿಂತ ಒಂದು ಗಂಟೆ ಮುಂಚೆ, ಅಂದರೆ ಮೂರೂವರೆಗೆ, ಗ್ಯಾಂಗ್‌ವೇ, ಎಂದರೆ ಹಡಗಿಗೆ ಹತ್ತುವ ಸೇತುವೆ, ಕಣ್ಣಿಗೆ ಬೀಳಬೇಕು. ಬೆಳಿಗ್ಗೆ ಎಂಟಕ್ಕೆ ಹಡಗನ್ನು ದಡಕ್ಕೆ ಕಟ್ಟಿದರೂ ತಪಾಸಣೆ ಮುಗಿದು ಜನ ಇಳಿಯುವಷ್ಟರಲ್ಲಿ ಮುಕ್ಕಾಲು ಗಂಟೆ ಹೋಗುತ್ತದೆ. ಕೈಗೆ ಉಳಿಯುವುದು ಆರೂ ಮುಕ್ಕಾಲು ಗಂಟೆ. ಇದರಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಹೊತ್ತು ವಾಹನದಲ್ಲಿ ಕಳೆಯಬೇಕಾದ ಯಾವ ಊರೂ ನಮ್ಮ ಪಟ್ಟಿಯಲ್ಲಿ ಇರಕೂಡದು. ದಿನದ ಅತಿ ದೂರದ ಜಾಗಕ್ಕೆ ಮೊದಲು ಹೋಗಿ, ಆಮೇಲೆ ಹಡಗಿನ ಕಡೆಗೆ ಸರಿಯುತ್ತ ನೋಡುತ್ತ ಬರಬೇಕು; ಏನಾದರೂ ತಡವಾದರೆ ಕೈಬಿಡುವುದು ಹತ್ತಿರದ ಜಾಗವನ್ನೇ ಹೊರತು ಹಡಗನ್ನಲ್ಲ. ಜೊತೆಗೆ ಹಿಂದಿರುಗಲು ಒಂದಕ್ಕೊಂದು ಸಂಬಂಧವಿಲ್ಲದ ಎರಡು ದಾರಿಗಳಿರಬೇಕು, ಎರಡನೆಯದು ಟ್ಯಾಕ್ಸಿಯಾದರೆ ಅದರ ಬಾಡಿಗೆಯನ್ನು ಮೊದಲೇ ಎತ್ತಿಟ್ಟಿರಬೇಕು.

ನಡಿಗೆಯ ವೇಗವನ್ನು ಊರಿನಲ್ಲೇ ಅಳೆದುಕೊಂಡೆ. ಅತ್ತೆಯವರನ್ನು ಬಡಾವಣೆಯ ಉದ್ಯಾನದಲ್ಲಿ ಕೆಲವು ಸಂಜೆ ಗಡಿಯಾರ ಹಿಡಿದು ನಡೆಸಿದಾಗ ಗಂಟೆಗೆ ಎರಡೂವರೆ ಕಿಲೋಮೀಟರಿನ ಆಸುಪಾಸು ಬಂತು. ಆದ್ದರಿಂದ ಫೋನಿನ ನಕ್ಷೆ ಹತ್ತು ನಿಮಿಷ ಎಂದರೆ ನಾನು ಹದಿನೇಳು, ಹದಿನೆಂಟು ಎಂದು ಬರೆದುಕೊಂಡೆ. ಕಲ್ಲುಹಾಸಿನ ಬೀದಿಯಾದರೆ ಇಪ್ಪತ್ತು. ಭಾವನವರು ಇದನ್ನು ಕಂಡು ನಕ್ಕರು, ಆದರೆ ಈ ಗುಣಾಕಾರವೇ ಮುಂದೆ ನಮ್ಮನ್ನು ಕಾಪಾಡಿತು.

ವಾರ್ನೆಮುಂಡೆಯಲ್ಲಿ ರೈಲು ನಿಲ್ದಾಣ ಕ್ರೂಸ್ ಟರ್ಮಿನಲ್ಲಿಗೆ ಕೆಲವೇ ನಿಮಿಷಗಳ ದೂರದಲ್ಲಿದೆ. ಬರ್ಲಿನ್ ನನ್ನ ನಿಯಮದಲ್ಲಿ ತಾನಾಗಿಯೇ ಬಿದ್ದುಹೋಯಿತು. ಮೆಕ್ಲೆನ್‌ಬುರ್ಗ್ ಪ್ರಾಂತ್ಯದೊಳಗಿನ ಪ್ರಾದೇಶಿಕ ರೈಲುಗಳಿಗೆಲ್ಲ ಸಲ್ಲುವ, ಐದು ಜನರವರೆಗೆ ಒಟ್ಟಾಗಿ ಕೊಳ್ಳಬಹುದಾದ ದಿನದ ಟಿಕೆಟ್ ನಮ್ಮ ಸಂಖ್ಯೆಗೆ ಹೇಳಿ ಮಾಡಿಸಿದಂತಿತ್ತು. ಐವರಿಗೆ ಸುಮಾರು ಐವತ್ತು ಯೂರೋ ಆಗಿದ್ದ ನೆನಪು. ವಾರದ ದಿನಗಳಲ್ಲಿ ಅದು ಬೆಳಿಗ್ಗೆ ಒಂಬತ್ತರ ನಂತರವಷ್ಟೇ ಸಲ್ಲುತ್ತದೆ ಎಂಬುದನ್ನು ಮರೆಯಬಾರದು. ಮೊದಲು ರೋಸ್ಟೋಕ್ ದಾಟಿ ಬಾಡ್ ಡೊಬೆರಾನ್‌ಗೆ ಹೋದೆವು. ಅಲ್ಲಿ 1368ರಲ್ಲಿ ಪ್ರತಿಷ್ಠಾಪನೆಯಾದ ಇಟ್ಟಿಗೆಯ ಗಾಥಿಕ್ ಚರ್ಚು ಇದೆ. 1886ರಿಂದ ಓಡುತ್ತಿರುವ ಮೊಲ್ಲಿ ಎಂಬ ಉಗಿಬಂಡಿ ಗಂಟೆ ಬಾರಿಸುತ್ತ ಅಂಗಡಿಬೀದಿಯ ನಡುವೆಯೇ ಹಾದುಹೋಗುತ್ತದೆ. ಅದನ್ನು ಹತ್ತಿ ಸಮುದ್ರತೀರದವರೆಗೆ ಹೋಗುವ ಆಸೆ ನನಗೆ ಬಹಳವಿತ್ತು, ಆದರೆ ಹನ್ನೆರಡು ಗಂಟೆಗೆ ರೋಸ್ಟೋಕಿನ ಮರಿಯೆನ್ ಚರ್ಚಿನಲ್ಲಿರಬೇಕಿತ್ತು. ಅಲ್ಲಿನ 1472ರ ಖಗೋಳ ಗಡಿಯಾರ ಇಂದಿಗೂ ನಡೆಯುತ್ತಿದ್ದು, ಮಧ್ಯಾಹ್ನ ಹನ್ನೆರಡಕ್ಕೆ ಅಪೋಸ್ತಲರ ಬೊಂಬೆಗಳು ಸಾಲಾಗಿ ಹೊರಟು ಕ್ರಿಸ್ತನ ಮುಂದೆ ಹಾಯುತ್ತವೆ. ಹೀಗೆ ನಿಗದಿತ ಹೊತ್ತಿನ ನೋಟವೊಂದು ಇದ್ದರೆ ದಿನದ ಮೊಳೆಯನ್ನು ಅಲ್ಲಿ ಹೊಡೆದು, ಉಳಿದದ್ದನ್ನು ಅದರ ಎರಡೂ ಬದಿಗೆ ನೇತುಹಾಕುವುದು ನನ್ನ ಪದ್ಧತಿ. ಬರ್ಲಿನ್ನಿಗೆ ಹೋದವರು ಕತ್ತಲಾಗುವ ಹೊತ್ತಿಗೆ ಮರಳಿದಾಗ ನಾವು ವಾರ್ನೆಮುಂಡೆಯ ದೀಪಸ್ತಂಭವನ್ನೂ ನೋಡಿಕೊಂಡು, ಊಟ ಮುಗಿಸಿ, ಡೆಕ್ಕಿನ ಮೇಲೆ ಕುಳಿತಿದ್ದೆವು.

ಪೋಲೆಂಡಿನ ಗ್ಡಿನಿಯಾ ಬಂದರಿನಿಂದ ಗ್ಡಾನ್ಸ್ಕ್ ನೋಡುವವರಿಗೆ ಈ ಕ್ರಮವನ್ನು ರೈಲುಹಳಿಯೇ ಹಾಕಿಕೊಟ್ಟಿದೆ. ಎಸ್‌ಕೆಎಂ ಲೋಕಲ್ ರೈಲಿನಲ್ಲಿ ನೇರವಾಗಿ ಗ್ಡಾನ್ಸ್ಕ್‌ಗೆ ಮುಕ್ಕಾಲು ಗಂಟೆಯೊಳಗಿನ ಪ್ರಯಾಣ. ಅಲ್ಲಿನ ಉದ್ದ ಮಾರುಕಟ್ಟೆ, ನೆಪ್ಚೂನ್ ಕಾರಂಜಿ, ಸೇಂಟ್ ಮೇರಿ ಚರ್ಚು, ನದಿಯಂಚಿನ ಹಳೆಯ ಕ್ರೇನು ಇವನ್ನೆಲ್ಲ ನೋಡಿ, ಮರಳುವಾಗ ದಾರಿಯಲ್ಲಿ ಸಿಗುವ ಸೋಪೊಟ್‌ನಲ್ಲಿ ಇಳಿದು ಸಮುದ್ರದೊಳಕ್ಕೆ ಚಾಚಿದ 511 ಮೀಟರಿನ ಮರದ ಕಟ್ಟೆಯ ಮೇಲೆ ನಡೆದು, ಮತ್ತದೇ ಮಾರ್ಗದ ರೈಲು ಹಿಡಿದರೆ ಕಾಲು ಗಂಟೆಯಲ್ಲಿ ಗ್ಡಿನಿಯಾ. ರೈಲು ಕೈಕೊಟ್ಟರೆ ಟ್ಯಾಕ್ಸಿ ಧಾರಾಳವಾಗಿ ಸಿಗುತ್ತದೆ. ಟಿಕೆಟ್ಟಿನ ಮೇಲೆ ಹೊತ್ತು ಅಚ್ಚಾಗಿದೆಯೇ ಎಂದು ನೋಡಿಕೊಳ್ಳಿ. ಆಗಿರದಿದ್ದರೆ ಪ್ಲಾಟ್‌ಫಾರಂನ ಯಂತ್ರದಲ್ಲಿ ಒತ್ತಿಸಲೇಬೇಕು, ನಮ್ಮ ಹಡಗಿನವರೇ ಆದ ಒಂದು ಜೋಡಿ ಒತ್ತಿಸದೆ ಹತ್ತಿ ದಂಡ ಕಟ್ಟಿದ್ದನ್ನು ಕಣ್ಣಾರೆ ಕಂಡೆ. 1980ರ ಮುಷ್ಕರ ನಡೆದ ಹಡಗು ನಿರ್ಮಾಣ ಕಾರ್ಖಾನೆಯ ಬಳಿಯಿರುವ, ಸಾಲಿಡಾರಿಟಿ ಕಾರ್ಮಿಕ ಸಂಘಟನೆಯ ಕಥೆ ಹೇಳುವ ಸಾಲಿಡಾರಿಟಿ ಕೇಂದ್ರಕ್ಕೆ ಕನಿಷ್ಠ ಎರಡು ಗಂಟೆ ಬೇಕು. ಅದನ್ನೂ ಸೋಪೊಟನ್ನೂ ಒಂದೇ ದಿನಕ್ಕೆ ತುರುಕಲು ಹೋಗಬೇಡಿ. ನಾವು ಅತ್ತೆಯವರ ಮೊಣಕಾಲನ್ನು ನೆನೆದು ಸೋಪೊಟ್ ಆರಿಸಿಕೊಂಡೆವು.

ಗ್ಡಾನ್ಸ್ಕಿನಲ್ಲಿ ಅಂಬರ್ (ಕಲ್ಲಿನಂತಾದ ಪುರಾತನ ಮರದ ರಾಳ) ಕೊಳ್ಳದೆ ಹೆಂಗಸರು ಬರುವುದಿಲ್ಲ ಎಂಬುದನ್ನು ನಾನು ವೇಳಾಪಟ್ಟಿಯಲ್ಲೇ ಸೇರಿಸಿದ್ದೆ, ಮಾರಿಯಾಟ್ಸ್ಕಾ ಬೀದಿಗೆ ಮುಕ್ಕಾಲು ಗಂಟೆ. ಅಂದು ರಾತ್ರಿ ಕ್ಯಾಬಿನ್ನಿನಲ್ಲಿ ಪರೀಕ್ಷೆಯೂ ನಡೆಯಿತು. ಕಾಲು ಲೀಟರ್ ನೀರಿಗೆ, ಊಟದ ಮೇಜಿನಿಂದ ತಂದ ಉಪ್ಪಿನ ಪೊಟ್ಟಣಗಳನ್ನು ಕರಗುವುದು ನಿಲ್ಲುವವರೆಗೆ ಸುರಿದೆ. ನಿಜವಾದ ಅಂಬರ್ ಇಂಥ ಉಪ್ಪುನೀರಿನಲ್ಲಿ ತೇಲುತ್ತದೆ, ಗಾಜೂ ಬೇಕಲೈಟಿನಂಥ ಪ್ಲಾಸ್ಟಿಕ್ಕೂ ಮುಳುಗುತ್ತವೆ. ಅಕ್ಕ ಅಂಗಡಿಯಲ್ಲಿ ಚೌಕಾಸಿ ಮಾಡಿ ಕೊಂಡ ಬಿಡಿಮಣಿಗಳು ತೇಲಿದವು. ಭಾವನವರು ದಾರಿಬದಿಯಲ್ಲಿ “ಅರ್ಧ ಬೆಲೆಗೆ” ಹಿಡಿದ ದೊಡ್ಡ ಮಣಿ ನೆಟ್ಟಗೆ ತಳ ಸೇರಿತು. ಅಂಬರಿನಷ್ಟು ಹಳೆಯದಲ್ಲದ ಕೋಪಲ್ ಎಂಬ ರಾಳವೂ ತೇಲುವುದರಿಂದ ಇದು ಪೂರ್ಣ ಪರೀಕ್ಷೆಯಲ್ಲ. ಬೆಳ್ಳಿಯ ಕಟ್ಟಿರುವ ಒಡವೆಗೆ ಇದು ನಡೆಯುವುದೂ ಇಲ್ಲ. ಅಕ್ಕ ಕೊಂಡ ಅಂಗಡಿ ಯಾವುದೆಂದು ಹಲವರು ಕೇಳಿದ್ದಾರೆ. ಅದನ್ನು ಸದ್ಯಕ್ಕೆ ನಮ್ಮ ಮನೆಯವರಿಗಷ್ಟೇ ಇಟ್ಟುಕೊಂಡಿದ್ದೇನೆ.

ಎಸ್ಟೋನಿಯಾದ ಟಾಲಿನ್ ತಲುಪಿದಾಗ ಗಡಿಯಾರ ಒಂದು ಗಂಟೆ ಮುಂದೆ ಹೋಗಿರುತ್ತದೆ. ಎಸ್ಟೋನಿಯಾ, ಫಿನ್ಲೆಂಡ್, ಲಾಟ್ವಿಯಾ, ಲಿಥುವೇನಿಯಾ ಒಂದು ಹೊತ್ತಿನಲ್ಲಿದ್ದರೆ ಪೋಲೆಂಡ್, ಸ್ವೀಡನ್, ಜರ್ಮನಿ, ಡೆನ್ಮಾರ್ಕ್ ಇನ್ನೊಂದರಲ್ಲಿ. ಹಡಗು ಯಾವ ಹೊತ್ತನ್ನು ಪಾಲಿಸುತ್ತದೆ ಎಂಬುದನ್ನು ಆ ದಿನದ ಸೂಚನಾಪತ್ರದಲ್ಲಿ ಓದಿ, ಕೈಗಡಿಯಾರವೊಂದನ್ನು ಅದಕ್ಕೇ ಮೀಸಲಿಡಬೇಕು. ಫೋನು ದಡದ ಸಿಗ್ನಲ್ ಹಿಡಿದು ತನ್ನಷ್ಟಕ್ಕೆ ಬದಲಾಗುತ್ತದೆ. ಈ ಊರಿನಲ್ಲಿ ದೂರದ ಬದಲು ಎತ್ತರವನ್ನು ಲೆಕ್ಕಕ್ಕೆ ಹಿಡಿದೆ. ಹಳೆಯ ಪೇಟೆ ಬಂದರಿನಿಂದ ಕಾಲುಗಂಟೆಯ ನಡಿಗೆಯಷ್ಟೇ, ಆದರೆ ಟೂಂಪೆಯಾ ಗುಡ್ಡದ ಏರು ವಯಸ್ಸಾದವರನ್ನು ಹಣ್ಣು ಮಾಡುತ್ತದೆ. ಇದೇ ಊರಿನಲ್ಲಿ ಹುಟ್ಟಿದ ಬೋಲ್ಟ್ ಆ್ಯಪಿನ ಕಾರುಗಳಲ್ಲಿ ನೇರವಾಗಿ ಅಲೆಕ್ಸಾಂಡರ್ ನೆವ್ಸ್ಕಿ ಚರ್ಚಿನ ಬಳಿ ಇಳಿದು, ಕೊಹ್ಟುಒಟ್ಸಾ ಕಟ್ಟೆಯಿಂದ ಕೆಂಪು ಹೆಂಚಿನ ಪೇಟೆಯನ್ನು ನೋಡಿ, ಪಿಕ್ ಯಾಲ್ಗ್ ಎಂಬ ಇಳಿಜಾರಿನಲ್ಲಿ ನಿಧಾನವಾಗಿ ಕೆಳಗೆ ಬಂದೆವು. ಏರುವುದು ಕಾರಿನಲ್ಲಿ, ಇಳಿಯುವುದು ಕಾಲಿನಲ್ಲಿ. ಪುರಭವನದ ಚೌಕದಲ್ಲಿ 1422ರಿಂದ ದಾಖಲೆಗಳಲ್ಲಿ ಕಾಣಿಸಿಕೊಳ್ಳುವ ಔಷಧಿ ಅಂಗಡಿ ಈಗಲೂ ತೆರೆದಿದೆ. ಆ ದಿನ ಬಂದರಿನಲ್ಲಿ ಎಷ್ಟು ಹಡಗುಗಳಿರುತ್ತವೆ ಎಂಬುದನ್ನು ಬಂದರಿನವರೇ ಪ್ರಕಟಿಸುತ್ತಾರೆ. ಮೂರು ನಾಲ್ಕು ಹಡಗುಗಳಿದ್ದ ಆ ದಿನ ಊಟವನ್ನು ಚೌಕದಲ್ಲಿ ಮಾಡದೆ, ರಿಮಿ ಸೂಪರ್‌ಮಾರ್ಕೆಟ್ಟಿನಿಂದ ಬ್ರೆಡ್ಡು, ಮೊಸರು, ಹಣ್ಣು ತಂದು, ಚಟ್ನಿಪುಡಿಯ ಡಬ್ಬಿ ಬಿಚ್ಚಿದೆವು. ಐವರ ಊಟ ಇಪ್ಪತ್ತು ಯೂರೋ ದಾಟಲಿಲ್ಲ.

ಹೆಲ್ಸಿಂಕಿಯಲ್ಲಿ ದೂರದ್ದು ಮೊದಲು ಎಂಬ ನಿಯಮದ ಬೆಲೆ ಚೆನ್ನಾಗಿ ತಿಳಿಯುತ್ತದೆ. ಹಿಂದಿನ ಯಾತ್ರೆಯಲ್ಲಿ ಸೆನೆಟ್ ಚೌಕ, ಮಾರುಕಟ್ಟೆ ಎಲ್ಲ ಮುಗಿಸಿ ಕೊನೆಗೆ ಸುಓಮೆನ್ಲಿನ್ನಾ ಕೋಟೆಗೆ ದೋಣಿ ಹತ್ತಿದ್ದಾಗ, ಮರಳುವ ದೋಣಿಯ ಸಾಲು ನೋಡಿ ಕೋಟೆಯನ್ನು ನೋಡುವ ಮನಸ್ಸೇ ಉಳಿದಿರಲಿಲ್ಲ. ಈ ಬಾರಿ ಬೆಳಿಗ್ಗೆಯೇ ಕೌಪ್ಪಟೋರಿ ಎಂಬ ಮಾರುಕಟ್ಟೆ ಚೌಕದ ದೋಣಿಕಟ್ಟೆಯಿಂದ ಕೋಟೆಗೆ ಹೊರಟೆವು. ನಗರ ಸಾರಿಗೆಯ ದಿನದ ಟಿಕೆಟ್ಟೇ ಆ ದೋಣಿಗೂ ಸಲ್ಲುತ್ತದೆ, ತಲೆಗೆ ಹತ್ತು ಯೂರೋ ಆಸುಪಾಸು. ಸ್ವೀಡನ್ನಿನವರು 1748ರಲ್ಲಿ ಕಟ್ಟಲು ತೊಡಗಿದ ಈ ದ್ವೀಪದುರ್ಗದಲ್ಲಿ ಆ ಹೊತ್ತಿಗೆ ಜನ ವಿರಳ. ಮಧ್ಯಾಹ್ನ ಬಂಡೆ ಕೊರೆದು 1969ರಲ್ಲಿ ಮುಗಿಸಿದ ಟೆಂಪ್ಪೆಲಿಔಕಿಯೋ ಚರ್ಚು, ಆಮೇಲೆ 2018ರಲ್ಲಿ ತೆರೆದ ಓಡಿ ಗ್ರಂಥಾಲಯ. ಇದು ಪ್ರವಾಸಿಗಳ ಪಟ್ಟಿಯಲ್ಲಿ ಕೆಳಗಿರುತ್ತದೆ, ನನ್ನ ಪಟ್ಟಿಯಲ್ಲಿ ಮೇಲಿದೆ: ಪ್ರವೇಶ ಉಚಿತ, ಕುಳಿತುಕೊಳ್ಳಲು ಸೊಗಸಾದ ಜಾಗ, ಸ್ವಚ್ಛ ಶೌಚಾಲಯ.

ಸ್ಟಾಕ್‌ಹೋಮ್ ಎಂದು ಟಿಕೆಟ್ಟಿನಲ್ಲಿ ಬರೆದಿದ್ದರೂ ನಮ್ಮ ಹಡಗು ನಿಂತದ್ದು ಸುಮಾರು 60 ಕಿಲೋಮೀಟರ್ ದೂರದ ನ್ಯೂನೆಸ್‌ಹಾಮ್ನ್‌ನಲ್ಲಿ. ಭಾವನವರು ಹಡಗಿನ ಬಸ್ಸೇ ಸರಿ ಎಂದು ಪಟ್ಟು ಹಿಡಿದದ್ದು ಇಲ್ಲಿ. ಬಸ್ಸಿನ ದರ ಹೋಗಿಬರಲು ತಲೆಗೆ ಅರವತ್ತು ಡಾಲರಿನಷ್ಟಿತ್ತು. ಸ್ಟಾಕ್‌ಹೋಮ್ ನಗರ ಸಾರಿಗೆಯ ಸಾಮಾನ್ಯ ಟಿಕೆಟ್ ನಲವತ್ತು ಚಿಲ್ಲರೆ ಕ್ರೋನಾ, ಅದೇ ಟಿಕೆಟ್ ಈ ಊರಿನ ಉಪನಗರ ರೈಲಿಗೂ ಸಲ್ಲುತ್ತದೆ. ಅವಧಿ 75 ನಿಮಿಷ. ರೈಲಿಗೆ ಒಂದು ಗಂಟೆ ಹೋದರೂ, ಇಳಿದ ಕೂಡಲೇ ಚುರುಕಾಗಿ 7ನೇ ನಂಬರಿನ ಟ್ರಾಮ್ ಹತ್ತಿದರೆ ವಾಸಾ ಎಂಬ ಹಳೆಯ ಹಡಗಿನ ಸಂಗ್ರಹಾಲಯದವರೆಗೂ ಮತ್ತೆ ಹಣ ಕೊಡಬೇಕಿಲ್ಲ. ಕಾರ್ಡನ್ನು ಯಂತ್ರಕ್ಕೆ ತಾಗಿಸಿ ಹೋಗುವುದಾದರೆ ಒಂದು ಕಾರ್ಡಿಗೆ ಒಬ್ಬರೇ, ಆದ್ದರಿಂದ ಐವರಿಗೆ ಐದು ಕಾರ್ಡು ಬೇಕು. 1628ರಲ್ಲಿ ಮೊದಲ ಪಯಣದಲ್ಲೇ ಮುಳುಗಿ, 1961ರಲ್ಲಿ ಮೇಲೆತ್ತಲಾದ ಆ ಹಡಗಿನ ಮುಂದೆ ಅತ್ತೆಯವರು ಎಲ್ಲರಿಗಿಂತ ಹೆಚ್ಚು ಹೊತ್ತು ನಿಂತರು. ಬಾಲ್ಟಿಕ್ಕಿನ ನೀರಿನಲ್ಲಿ ಉಪ್ಪು ಕಡಿಮೆಯಾದ್ದರಿಂದ ಮರ ಕೊರೆಯುವ ಹುಳ ಅಲ್ಲಿ ಬದುಕುವುದಿಲ್ಲ, ಅದಕ್ಕೇ ಮರ ಉಳಿಯಿತು. ಮರಳುವಾಗ ದೋಣಿಯಲ್ಲಿ ಸ್ಲುಸ್ಸೆನ್, ಅಲ್ಲಿಂದ ಹಳೆಯ ಪೇಟೆಯಾದ ಗಾಮ್ಲಾ ಸ್ತಾನಿನ ಬೀದಿಗಳು, ಮತ್ತೆ ರೈಲು. ಬೆಳಿಗ್ಗೆ ಇಳಿಯುವವರ ಸಾಲಿನಲ್ಲಿ ನಾವು ಹೇಗೆ ಮುಂದಿದ್ದೆವು ಎಂಬುದನ್ನು ಇಲ್ಲಿ ಬರೆದರೆ ಮುಂದಿನ ಸಲ ಅದು ನಡೆಯುವುದಿಲ್ಲ, ಆದ್ದರಿಂದ ಬರೆಯುವುದಿಲ್ಲ.

ಸ್ವೀಡನ್ನಿನದೇ ಇನ್ನೊಂದು ಬಂದರಾದ ವಿಸ್ಬಿಗೆ ಸಿದ್ಧಪಡಿಸಿದ ಯೋಜನೆ ಮಾತ್ರ ಕಾಗದದಲ್ಲೇ ಉಳಿಯಿತು. ಗಾಳಿ ಜೋರಾಗಿದೆ ಎಂದು ಹಡಗು ಆ ಬಂದರನ್ನು ಬಿಟ್ಟೇ ಮುಂದೆ ಹೋಯಿತು. ನಾನು ಹಣ ಮರಳದಂಥ ಯಾವ ಟಿಕೆಟ್ಟನ್ನೂ ಮುಂಗಡ ಕೊಳ್ಳದ ಕಾರಣ ಒಂದು ಕ್ರೋನಾವೂ ನಷ್ಟವಾಗಲಿಲ್ಲ. ಪಕ್ಕದ ಕ್ಯಾಬಿನ್ನಿನವರು ಖಾಸಗಿ ಗೈಡಿಗೆ ಕೊಟ್ಟ ಮುಂಗಡ ಹೋಯಿತು.

ಇನ್ನು ಖರ್ಚು. ಹಡಗಿನವರ ದರಪಟ್ಟಿಯಲ್ಲಿ ಅರ್ಧ ದಿನದ ಪ್ರವಾಸಕ್ಕೆ ತಲೆಗೆ ನೂರು ಡಾಲರ್ ಎಂದು ಹಿಡಿದರೂ ಐವರಿಗೆ, ಐದು ಬಂದರುಗಳಿಗೆ ಎರಡು ಲಕ್ಷ ರೂಪಾಯಿ ದಾಟುತ್ತಿತ್ತು. ನಮಗೆ ಟಿಕೆಟ್, ಪ್ರವೇಶ, ದಡದ ಊಟ, ಕಾಫಿ ಎಲ್ಲ ಸೇರಿ ಅರವತ್ತು ಸಾವಿರದ ಆಸುಪಾಸು ಆಯಿತು. ಅಂಬರ್ ಇದರಲ್ಲಿ ಸೇರಿಲ್ಲ, ಅದರ ಲೆಕ್ಕ ನನಗೆ ತೋರಿಸಿಲ್ಲ. ನಮ್ಮ ಬ್ಯಾಂಕುಗಳ ಎಷ್ಟೋ ಕಾರ್ಡುಗಳು ವಿದೇಶೀ ವಹಿವಾಟಿಗೆ ಶೇ. 3.5ರವರೆಗೆ ಹೆಚ್ಚುವರಿ ಹಿಡಿಯುತ್ತವೆ, ಆ ಶುಲ್ಕವಿಲ್ಲದ ಕಾರ್ಡು ಇಟ್ಟುಕೊಂಡರೆ ಒಳಿತು. ಸ್ವೀಡನ್ನಿನಲ್ಲಿ ನಗದನ್ನು ಮುಟ್ಟುವವರೇ ಅಪರೂಪ, ಶೌಚಾಲಯಕ್ಕೂ ಕಾರ್ಡೇ.

ಮುಂದಿನ ಬೇಸಿಗೆಗೆ ಲಾಟ್ವಿಯಾದ ರೀಗಾ ಮತ್ತು ಲಿಥುವೇನಿಯಾದ ಕ್ಲೈಪೆಡಾ ಇರುವ ಮಾರ್ಗವನ್ನು ನೋಡುತ್ತಿದ್ದೇವೆ, ಈ ಸಲ ಪಟ್ಟಿ ಬರೆಯುತ್ತಿರುವವರು ಭಾವನವರು. ರೀಗಾದಲ್ಲಿ ಜೆಪ್ಪೆಲಿನ್ ವಾಯುನೌಕೆಗಳ ಶೆಡ್ಡುಗಳನ್ನು ಬಳಸಿ ಕಟ್ಟಿದ ಕೇಂದ್ರ ಮಾರುಕಟ್ಟೆಯನ್ನೂ ಆಲ್ಬರ್ಟಾ ಬೀದಿಯ ಕಟ್ಟಡಗಳನ್ನೂ ಅವರು ಸರಿಯಾಗಿಯೇ ಜೋಡಿಸಿದ್ದಾರೆ. ಆದರೆ ಕ್ಲೈಪೆಡಾದಿಂದ ಕುರೋನಿಯನ್ ಮರಳದಿಬ್ಬದ ಲಿಥುವೇನಿಯಾ ಭಾಗದ ತುದಿಯಲ್ಲಿರುವ ನಿದಾ ಊರಿಗೆ ಹೋಗಬೇಕೆಂಬ ಅವರ ಆಸೆಗೆ ನಾನು ಒಪ್ಪಿಲ್ಲ. ಸುಮಾರು 50 ಕಿಲೋಮೀಟರ್ ದೂರ, ಹೋಗಲೂ ಬರಲೂ ಅದೊಂದೇ ರಸ್ತೆ, ಟ್ಯಾಕ್ಸಿಯೂ ಅದರಲ್ಲೇ ಬರಬೇಕು. ದೋಣಿಯಲ್ಲಿ ಹತ್ತೇ ನಿಮಿಷಕ್ಕೆ ಸಿಗುವ ಸ್ಮಿಲ್ಟಿನೆಯ ತೀರ ಸಾಕೆಂದು ನಾನು ಹೇಳಿದ್ದೇನೆ, ಹಡಗಿನ ಬಸ್ಸು ನಿದಾಕ್ಕೆ ಹೋಗುತ್ತದೆಯಲ್ಲ ಎಂದು ಅವರು ಹೇಳುತ್ತಿದ್ದಾರೆ.